ಮೇಷ್ಟ್ರನ್ನು ಕೇಳಿ: ದೋಟಿ ತಿರುಗಿಸಲು ಎಷ್ಟು ಜಾಗ ಬೇಕು?

ಹೋದ ಸಂಚಿಕೆಯ ಕೊನೆಗೆ ಒಂದೇ ಒಂದು ಸಾಲು ಸೇರಿಸಿದ್ದೆ. ನಮ್ಮ ಕಡೆಯ ವಿಶ್ವವಿದ್ಯಾಲಯವೊಂದರಲ್ಲಿ ಶನಿವಾರ ಮಧ್ಯಾಹ್ನ ಶುದ್ಧ ಗಣಿತದ ಹೊಸ ಸಂಗತಿಗಳ ಬಗ್ಗೆ ಉಪನ್ಯಾಸ ಮಾಲೆ ನಡೆಯುತ್ತಿದೆ, ಯಾರು ಬೇಕಾದರೂ ಹೋಗಿ ಕೂರಬಹುದು ಅಂತ. ಎಸ್ಸೆಸ್ಸೆಲ್ಸಿ ಲೆಕ್ಕ, ಸಿಇಟಿ ರ‍್ಯಾಂಕು ಅಂತ ಕೇಳುತ್ತಿದ್ದವರೆಲ್ಲ ಈ ಸಲ ಇದರ ಬೆನ್ನು ಹತ್ತಿದ್ದಾರೆ. ಅದಕ್ಕೇ ಈ ಸಂಚಿಕೆ ಪೂರ್ತಿ ಅದಕ್ಕೇ ಮೀಸಲು. ಸಿಇಟಿಯವರು ಮುಂದಿನ ತಿಂಗಳವರೆಗೆ ಕಾಯಬೇಕು.

ಪ್ರಶ್ನೆ: ಸರ್, ಎರಡು ಉಪನ್ಯಾಸಕ್ಕೆ ಹೋದೆ. ಮೊದಲ ಹತ್ತು ನಿಮಿಷ ಆದ ಮೇಲೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಮುಂದಿನ ಸಾಲಿನವರು ಮಾತ್ರ ತಲೆಯಾಡಿಸುತ್ತಲೇ ಇದ್ದರು. ನನಗೊಬ್ಬಳಿಗೇ ಹೀಗಾ? ಇನ್ನು ಹೋಗೋದಾ, ಬಿಡೋದಾ?
(ಬಿ.ಎಸ್ಸಿ. ಎರಡನೇ ವರ್ಷ, ತೀರ್ಥಹಳ್ಳಿ)

ಉತ್ತರ: ಹತ್ತು ನಿಮಿಷ ಅರ್ಥ ಆಯ್ತಾ? ನನಗೆ ಏಳೇ ನಿಮಿಷ. ಮೂವತ್ತು ವರ್ಷ ಪಿಯು ಮಕ್ಕಳಿಗೆ ಗಣಿತ ಹೇಳಿದವನು ನಾನು. ತಲೆಯಾಡಿಸುವವರನ್ನು ನಂಬಬೇಡಮ್ಮ. ಅವರಲ್ಲಿ ಇಬ್ಬರನ್ನು ಆಮೇಲೆ ಕ್ಯಾಂಟೀನಿನಲ್ಲಿ ಹಿಡಿದು ಕೇಳಿದೆ, ಅವರೂ ನಮ್ಮ ಪಂಗಡವೇ.

ನನ್ನ ತಕರಾರು ಬೇರೆ ಇದೆ. ಇಂಥ ಉಪನ್ಯಾಸ ಕೊಡುವವರು ಉತ್ತರದಿಂದ ಶುರು ಮಾಡುತ್ತಾರೆ. ಪ್ರಶ್ನೆ ಏನು, ಅದು ಯಾರನ್ನು ಯಾಕೆ ನಿದ್ದೆಗೆಡಿಸಿತು ಅಂತ ಹೇಳುವುದಕ್ಕೆ ಅವರಿಗೆ ಪುರುಸೊತ್ತಿಲ್ಲ. ನೋಟಿಸು ಪೂರ್ತಿ ಇಂಗ್ಲಿಷಿನಲ್ಲಿ, ಶೀರ್ಷಿಕೆಯಲ್ಲಿ ನಾಲ್ಕು ಪದ, ನಾಲ್ಕೂ ನನಗೆ ಹೊಸವು.

ಆದರೆ ಮೂರನೇ ಶನಿವಾರ ಒಂದು ತಮಾಷೆ ನಡೆಯಿತು. ಮಳೆ ಹೇಗೆ ಹೊಯ್ಯುತ್ತಿತ್ತು ಅಂದರೆ ಶೀಟಿನ ಮಾಡಿನ ಕೆಳಗೆ ಪಕ್ಕದವನ ಮಾತೂ ಕೇಳುತ್ತಿರಲಿಲ್ಲ. ಸ್ಲೈಡು ಹನ್ನೆರಡೋ ಹದಿಮೂರೋ ಆಗಿತ್ತು, ಕರೆಂಟು ಹೋಯಿತು. ಉಪನ್ಯಾಸ ಕೊಡುತ್ತಿದ್ದವರು ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ ಮುಂದಿನ ಬೆಂಚಿನ ಹುಡುಗನ ಉದ್ದ ಕೊಡೆ ಇಸಕೊಂಡರು. ನೀರು ಸೋರುತ್ತಿದ್ದ ಆ ಕೊಡೆಯನ್ನು ಮೇಜಿನ ಮೇಲೆ ಮಲಗಿಸಿ ನಿಧಾನಕ್ಕೆ ಒಂದು ಸುತ್ತು ತಿರುಗಿಸಿದರು. ಕೊಡೆ ತಿರುಗಿದ ಕಡೆಯೆಲ್ಲ ಮೇಜು ಒದ್ದೆ. ಆ ಒದ್ದೆಯನ್ನು ತೋರಿಸಿ ಜೋರಾಗಿ ಕೂಗಿ ಕೇಳಿದರು, ಇದಕ್ಕಿಂತ ಕಮ್ಮಿ ಜಾಗ ಒದ್ದೆ ಮಾಡಿ ಇದನ್ನು ತಿರುಗಿಸಕ್ಕಾಗುತ್ತಾ? ಇಡೀ ಮಾಲೆಯಲ್ಲಿ ಅದೇ ಒಳ್ಳೆಯ ಉಪನ್ಯಾಸ. ಹಾಗಾಗಿ ಹೋಗು, ಬಿಡಬೇಡ. ಪ್ರಶ್ನೆ ಏನು ಅಂತ ತಿಳಿಯುವವರೆಗೆ ಕೂರು. ಸಾಧನೆ, ಅಂದರೆ ಪ್ರೂಫು, ಶುರುವಾದ ಮೇಲೆ ಕಿಟಕಿಯಾಚೆ ನೋಡಿದರೂ ಪಾಪವಿಲ್ಲ.

ಪ್ರಶ್ನೆ: ಮಗಳನ್ನು ಬಿಡಲು ಬಂದವನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅದೇ ಕೊಡೆ ತಿರುಗಿಸಿದ ದಿನ. ಅಲ್ಲಿ ಕೂತಾಗ ಹಿಡಿದಂತಾಯಿತು, ಮನೆಗೆ ಬಂದು ಹೆಂಡತಿಗೆ ಹೇಳಲು ಹೋದರೆ ತಪ್ಪಿಹೋಯಿತು. ಇನ್ನೊಂದು ಸಲ ಹೇಳ್ತೀರಾ?
(ಅಡಿಕೆ ಬೆಳೆಗಾರರು, ಹೊಸನಗರ)

ಉತ್ತರ: ನಿಮಗೆ ಕೊಡೆ ಯಾಕೆ ಮಾರಾಯ್ರೆ, ಅಡಿಕೆ ಕೊಯ್ಯುವ ಉದ್ದ ಕೋಲು, ಆ ದೋಟಿ ತಗೊಳ್ಳಿ. ಇಪ್ಪತ್ತು ಅಡಿ ದೋಟಿಯನ್ನು ಅಂಗಳದಲ್ಲಿ ಮಲಗಿಸಿ. ಕತ್ತಿ ಕಟ್ಟಿದ ತುದಿ ಈಗ ಕೊಟ್ಟಿಗೆಯ ಕಡೆಗಿದೆ, ಅದು ಮನೆಯ ಕಡೆ ತಿರುಗಬೇಕು. ಎತ್ತುವ ಹಾಗಿಲ್ಲ, ನೆಲದ ಮೇಲೇ ಸರಿಸಬೇಕು. ಅಂಗಳದಲ್ಲಿ ಅಡಿಕೆ ಹರವಿದ್ದೀರಿ, ದೋಟಿ ಹಾದ ಜಾಗದ್ದೆಲ್ಲ ಹಾಳು. ಎಷ್ಟು ಕಮ್ಮಿ ಜಾಗ ಸಾಕು?

ನಡುವಿಗೆ ಗೂಟ ಹೊಡೆದಂತೆ ತಿರುಗಿಸಿದರೆ ಒಂದು ವೃತ್ತ ಆಗುತ್ತದೆ. 314 ಚದರ ಅಡಿ. ಅದಕ್ಕಿಂತ ಜಾಣತನ ಅಂದರೆ ಇಪ್ಪತ್ತು ಅಡಿ ಎತ್ತರದ ಸಮಬಾಹು ತ್ರಿಕೋನದೊಳಗೆ ಒಂದೊಂದೇ ಮೂಲೆಗೆ ತುದಿ ಕೊಟ್ಟು ತಿರುಗಿಸುವುದು. ಅದಕ್ಕೆ 231 ಚದರ ಅಡಿ ಸಾಕು. ಆ ತ್ರಿಕೋನದ ಬದಿಗಳು ಒಳಕ್ಕೆ ಬಾಗಿದಂಥ ಮೂರು ಮೊನೆಯ ಆಕೃತಿಯೊಂದಿದೆ, ಅದರಲ್ಲಿ 157ಕ್ಕೇ ಕೆಲಸ ಮುಗಿಯುತ್ತದೆ. ವೃತ್ತದ ಸರಿ ಅರ್ಧ. 1917ರಲ್ಲಿ ಜಪಾನಿನ ಕಾಕೆಯಾ ಈ ಪ್ರಶ್ನೆ ಕೇಳಿದಾಗ ಇದೇ ಕೊನೆ ಇರಬೇಕು ಅಂತಲೇ ತುಂಬಾ ಜನ ಅಂದುಕೊಂಡಿದ್ದರು.

ಅಲ್ಲ. ರಷ್ಯಾದ ಬೆಸಿಕೊವಿಚ್ ತೋರಿಸಿದ್ದು ಏನಪ್ಪಾ ಅಂದರೆ, ಎಷ್ಟು ಕಮ್ಮಿ ಬೇಕೋ ಅಷ್ಟು ಕಮ್ಮಿ ಜಾಗದಲ್ಲಿ ತಿರುಗಿಸಬಹುದು. ಒಂದು ಚದರ ಅಡಿ, ಒಂದು ಎಲೆಯಡಿಕೆ ಚೀಲದಷ್ಟು, ಒಂದು ಅಡಿಕೆ ಹೋಳಿನಷ್ಟು, ನೀವು ಹೇಳಿದಷ್ಟು. ಒಂದು ಷರತ್ತು, ದೋಟಿಗೆ ದಪ್ಪವೇ ಇರಬಾರದು. ಗಣಿತದ ಗೆರೆಗೆ ದಪ್ಪ ಇರುವುದಿಲ್ಲ. ಹಾಗಾಗಿ ಅದನ್ನು ಉದ್ದಕ್ಕೆ ಮುಂದೆ ತಳ್ಳಿದರೆ, ಹಿಂದೆ ಎಳೆದರೆ ಜಾಗ ಖರ್ಚಾಗುವುದೇ ಇಲ್ಲ, ಓರೆ ಮಾಡಿದಾಗ ಮಾತ್ರ ಖರ್ಚು. ಆಗುಂಬೆ ಘಾಟಿಯ ತಿರುವಿನಲ್ಲಿ ಮಿನಿಬಸ್ಸಿನ ಡ್ರೈವರು ಒಮ್ಮೆಗೇ ತಿರುಗಿಸಲಾಗದೆ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ, ಮತ್ತೆ ಸ್ವಲ್ಪ ಮುಂದೆ ಅಂತ ಮಾಡುತ್ತಾನಲ್ಲ, ಅದೇ ಕೆಲಸ. ಸಾವಿರ ಸಲ, ಲಕ್ಷ ಸಲ. ಹಾಗೆ ಓರೆ ಮಾಡಿದ ಜಾಗಗಳು ಒಂದರ ಮೇಲೊಂದು ಕೂರುವಂತೆ ಹೊಂದಿಸುವುದೇ ಬೆಸಿಕೊವಿಚ್‌ನ ಕೈಚಳಕ.

ಇಷ್ಟು ಹಳೆಯ ಕತೆ. ಹೊಸದು 2025ರ ಫೆಬ್ರವರಿಯಲ್ಲಿ ಬಂತು. ಈಗ ದೋಟಿ ನೆಲದ ಮೇಲಲ್ಲ, ಗಾಳಿಯಲ್ಲಿದೆ. ಒಂದನ್ನೇ ತಿರುಗಿಸುವ ಬದಲು ಎಲ್ಲ ದಿಕ್ಕಿಗೂ ಒಂದೊಂದು ದೋಟಿ ಇರಬೇಕು. ಮೇಲೆ, ಕೆಳಗೆ, ಓರೆ, ಯಾವ ದಿಕ್ಕನ್ನೂ ಬಿಡುವಂತಿಲ್ಲ. ಇವನ್ನೆಲ್ಲ ಜಾಣತನದಿಂದ ಒತ್ತಿ ಕಟ್ಟಿದರೆ ಒಟ್ಟು ಗಾತ್ರ ಸೊನ್ನೆ ಮಾಡಬಹುದು, ಅದು ಮೊದಲೇ ಗೊತ್ತಿತ್ತು. ಹಾಗಾದರೆ ಆ ಕಟ್ಟು ಸಣಕಲೋ, ಅಲ್ಲ ಸೊನ್ನೆ ಗಾತ್ರದಲ್ಲೂ ಒಂದು ಬಗೆಯಲ್ಲಿ ತುಂಬಿಕೊಂಡಿದೆಯೋ? ಇದನ್ನು ಅಳೆಯುವುದು ಹೀಗೆ. ಅದನ್ನು ಮುಚ್ಚಲು ಸಣ್ಣ ಸಣ್ಣ ಪೆಟ್ಟಿಗೆ ಎಷ್ಟು ಬೇಕು ಅಂತ ಎಣಿಸಿ. ಪೆಟ್ಟಿಗೆಯ ಅಂಚನ್ನು ಅರ್ಧ ಮಾಡಿ ಮತ್ತೆ ಎಣಿಸಿ. ದಾರವಾದರೆ ಲೆಕ್ಕ ಎರಡರಷ್ಟಾಗುತ್ತದೆ, ಬಟ್ಟೆಯಾದರೆ ನಾಲ್ಕರಷ್ಟು, ಇಟ್ಟಿಗೆಯಾದರೆ ಎಂಟರಷ್ಟು. ಹಾಂಗ್ ವಾಂಗ್ ಮತ್ತು ಜೋಶುವಾ ಜಾಲ್ ಎಂಬಿಬ್ಬರು 127 ಪುಟಗಳಲ್ಲಿ ಸಾಧಿಸಿದ್ದು ಇಷ್ಟು: ಈ ದೋಟಿಗಳ ಕಟ್ಟು ಇಟ್ಟಿಗೆಯ ಜಾತಿಗೇ ಸೇರಿದ್ದು, ಗಾತ್ರ ಸೊನ್ನೆಯಾದರೂ. ನೆಲದ ಮೇಲಿನ ಇದೇ ಮಾತನ್ನು 1971ರಲ್ಲೇ ಸಾಧಿಸಿದ್ದರು. ಒಂದು ಆಯಾಮ ಮೇಲೆ ಹತ್ತಲು ಐವತ್ತು ವರ್ಷ ದಾಟಿತು. ನಾಲ್ಕನೆಯದು ಇನ್ನೂ ಬಾಕಿ.

ನಿಮ್ಮ ಮನೆಯವರಿಗೆ 157ರವರೆಗೆ ಹೇಳಿ ಸಾಕು. ಅಷ್ಟರಲ್ಲಿ ಕಾಫಿ ಆರಿರುತ್ತದೆ.

ಪ್ರಶ್ನೆ: ಎಂಟು ಆಯಾಮ, ಇಪ್ಪತ್ತನಾಲ್ಕು ಆಯಾಮ ಅಂತೆಲ್ಲ ಹೇಳಿದರು. ಇರುವುದು ಮೂರೇ ಅಲ್ವಾ? ಉದ್ದ, ಅಗಲ, ಎತ್ತರ. ಸಂಬಳ ತಗೊಂಡು ಇಲ್ಲದ ಊರಿಗೆ ದಾರಿ ಹೇಳುತ್ತಿದ್ದಾರಾ?
(ಸಾಗರದಿಂದ ಒಬ್ಬರು, ಹೆಸರು ಬೇಡ ಎಂದಿದ್ದಾರೆ)

ಉತ್ತರ: ನಿಮ್ಮ ಮನೆಯಲ್ಲಿ ಮಣ್ಣು ಆರೋಗ್ಯ ಕಾರ್ಡು ಇದ್ದರೆ ತೆಗೆದು ನೋಡಿ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಬೋರಾನ್ ಹೀಗೆ ಒಟ್ಟು ಹನ್ನೆರಡು ಅಳತೆ ಬರೆದಿರುತ್ತಾರೆ. ಹನ್ನೆರಡು ಸಂಖ್ಯೆಗಳ ಆ ಪಟ್ಟಿ ಅಂದರೆ ಹನ್ನೆರಡು ಆಯಾಮದಲ್ಲಿ ಒಂದು ಚುಕ್ಕಿ. ಪಕ್ಕದ ತೋಟದ ಕಾರ್ಡು ಇನ್ನೊಂದು ಚುಕ್ಕಿ. ಎರಡಕ್ಕೂ ಎಷ್ಟು ದೂರ ಅಂತ ಲೆಕ್ಕ ಹಾಕಬಹುದು. ಆಯಾಮ ಅಂದರೆ ಇಷ್ಟೇ, ಭೂತ ಪ್ರೇತ ಏನಿಲ್ಲ.

ಅವತ್ತಿನ ವಿಷಯ ಚೆಂಡು ಜೋಡಿಸುವುದು. ಇದು ನಿಮ್ಮ ತೋಟದಿಂದಲೇ ಶುರು. ಒಂಬತ್ತು ಅಡಿಗೊಂದು ಅಡಿಕೆ ಸಸಿ ಅಂತ ಚೌಕಾಕಾರ ನೆಟ್ಟರೆ ಎಕರೆಗೆ ಸುಮಾರು 537 ಸಸಿ. ಅದೇ ಒಂಬತ್ತು ಅಡಿ ಅಂತರ ಬಿಟ್ಟು ತ್ರಿಕೋನಾಕಾರ ನೆಟ್ಟರೆ, ಅಂದರೆ ಎರಡನೇ ಸಾಲಿನ ಸಸಿ ಮೊದಲ ಸಾಲಿನ ಎರಡು ಸಸಿಗಳ ನಡುವಿಗೆ ಬಂದರೆ, ಸುಮಾರು 620. ಕಾಗದದ ಮೇಲೆ ಶೇ. 15 ಜಾಸ್ತಿ. (ಕಾಗದದ ಮೇಲೆ ಅಂದೆ. ಬಸಿಗಾಲುವೆ, ಇಳಿಜಾರು, ಓಡಾಡುವ ದಾರಿ ಎಲ್ಲ ಕಳೆದ ಮೇಲೆ ನನ್ನ ಮೇಲೆ ಸಿಟ್ಟಾಗಬೇಡಿ.) ಸಮತಟ್ಟು ನೆಲದಲ್ಲಿ ಇದಕ್ಕಿಂತ ಒತ್ತಾಗಿ ಜೋಡಿಸುವುದು ಸಾಧ್ಯವೇ ಇಲ್ಲ ಅಂತ ಸಾಧಿಸಿಯಾಗಿದೆ. ಪ್ರತಿ ಸಸಿಗೂ ಆರು ನೆರೆಮನೆ.

ಇನ್ನು ಗಾಂಧಿ ಬಜಾರಿಗೆ ಹೋಗಿ ಮೂಸಂಬಿ ರಾಶಿ ನೋಡಿ. ಕೆಳಗಿನ ಮೂರು ಹಣ್ಣಿನ ನಡುವಿನ ಗುಳಿಯಲ್ಲಿ ಮೇಲಿನದು ಕೂತಿರುತ್ತದೆ. ಜಾಗದ ಶೇ. 74 ಹಣ್ಣು, ಉಳಿದದ್ದು ಗಾಳಿ. ಇದಕ್ಕಿಂತ ಒತ್ತಾಗಿ ಪೇರಿಸಲಾಗದು ಅಂತ ಕೆಪ್ಲರ್ 1611ರಲ್ಲಿ ಹೇಳಿದ. ಹಣ್ಣಿನ ಅಂಗಡಿಯವನಿಗೆ ಅದು ಮೊದಲೇ ಗೊತ್ತಿತ್ತು ಅನ್ನಿ. ಆದರೆ ಸಾಧಿಸಲು 1998 ಆಯಿತು. ಥಾಮಸ್ ಹೇಲ್ಸ್ ಕಂಪ್ಯೂಟರ್ ಹಿಡಿದು ಮಾಡಿದ ಆ ಸಾಧನೆಯನ್ನು ಪರೀಕ್ಷಿಸಿದವರು ವರ್ಷಗಟ್ಟಲೆ ತಿಣುಕಿ, ಶೇ. 99 ಸರಿ ಇದೆ ಅಂತ ಕೈ ಚೆಲ್ಲಿದರು. ಹೇಲ್ಸ್‌ಗೆ ಆ ಒಂದು ಪರ್ಸೆಂಟು ಸಹಿಸಲಾಗಲಿಲ್ಲ. ಒಂದೊಂದು ಹೆಜ್ಜೆಯನ್ನೂ ಕಂಪ್ಯೂಟರೇ ಪರಿಶೀಲಿಸುವಂತೆ ಬರೆಸಿ 2014ರಲ್ಲಿ ಮುಗಿಸಿದ.

ಮೂರು ಆಯಾಮಕ್ಕೇ ಇಷ್ಟು ಗೋಳು, ಅಲ್ವಾ? ಹಾಗಿದ್ದರೆ ಎಂಟಕ್ಕೆ ಎಷ್ಟಾಗಬೇಕು? ಆದದ್ದು 23 ಪುಟ. 2016ರ ಮಾರ್ಚ್‌ನಲ್ಲಿ ಉಕ್ರೇನಿನ ಮರೀನಾ ವಿಯಾಜೊವ್‌ಸ್ಕಾ ಒಬ್ಬಳೇ ಎಂಟು ಆಯಾಮದ ಲೆಕ್ಕ ಮುಗಿಸಿದಳು. ಒಂದೇ ವಾರದಲ್ಲಿ ಇನ್ನೂ ನಾಲ್ವರ ಜತೆ ಸೇರಿ ಇಪ್ಪತ್ತನಾಲ್ಕು ಆಯಾಮದ್ದೂ ಆಯಿತು, ಆ ನಾಲ್ವರಲ್ಲಿ ಅಭಿನವ್ ಕುಮಾರ್ ಒಬ್ಬರು. ಈ ಎರಡು ಆಯಾಮಗಳಲ್ಲಿ ಮಾತ್ರ ಚೆಂಡುಗಳು ಅಚ್ಚುಕಟ್ಟಾಗಿ ಹೊಂದಿ ಕೂರುವ ವಿಶೇಷ ಜೋಡಣೆಗಳಿವೆ. ಮೂಸಂಬಿಗೆ ತಾಗುವ ನೆರೆಯವು 12, ಎಂಟರಲ್ಲಿ 240, ಇಪ್ಪತ್ತನಾಲ್ಕರಲ್ಲಿ 1,96,560. ಇಷ್ಟು ನೆರೆಯವರಿದ್ದರೂ ಅಲ್ಲಿ ಬರೀ ಗಾಳಿಯೇ. ಎಂಟು ಆಯಾಮದಲ್ಲಿ ಚೆಂಡು ತುಂಬುವುದು ಶೇ. 25, ಇಪ್ಪತ್ತನಾಲ್ಕರಲ್ಲಿ ಶೇ. 0.2 ಕೂಡ ಇಲ್ಲ. ಈ ಕೆಲಸಕ್ಕೆ ಮರೀನಾಗೆ 2022ರಲ್ಲಿ ಗಣಿತದ ದೊಡ್ಡ ಪ್ರಶಸ್ತಿ ಫೀಲ್ಡ್ಸ್ ಪದಕ ಬಂತು. ನಾಲ್ಕು, ಐದು, ಆರು, ಏಳು ಆಯಾಮಗಳಲ್ಲಿ ಯಾವುದು ಅತಿ ಒತ್ತಾದ ಜೋಡಣೆ ಅಂತ ಇನ್ನೂ ಯಾರೂ ಸಾಧಿಸಿಲ್ಲ. ನಡುವಿನ ಮೆಟ್ಟಿಲು ಹತ್ತದೆ ಅಟ್ಟಕ್ಕೆ ಹೋದ ಹಾಗೆ. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದದ್ದು ಇದೇ.

ಪ್ರಶ್ನೆ: ಅವಿಭಾಜ್ಯ ಸಂಖ್ಯೆಗಳ ನಡುವೆ 7 ಕೋಟಿ ಅಂತರ ಇದೆ ಅಂತ ಒಬ್ಬರು ಸಾಧಿಸಿದರಂತೆ, ಲೋಕವೇ ಕುಣಿದಾಡಿತಂತೆ. 7 ಕೋಟಿ ಅಂತರ ಅಂದರೆ ಹತ್ತಿರವಾ? ಇದರಲ್ಲಿ ಸಂಭ್ರಮ ಏನು?
(ನಿವೃತ್ತ ಕಾರ್ಮಿಕರು, ಭದ್ರಾವತಿ)

ಉತ್ತರ: ಒಳ್ಳೆ ಪ್ರಶ್ನೆ, ಯಾರೂ ಇದನ್ನು ಬಾಯಿಬಿಟ್ಟು ಕೇಳುವುದಿಲ್ಲ. 11 ಮತ್ತು 13, 17 ಮತ್ತು 19, 29 ಮತ್ತು 31. ಹೀಗೆ ಎರಡರ ಅಂತರದಲ್ಲಿ ಬರುವ ಅವಿಭಾಜ್ಯಗಳಿಗೆ ಅವಳಿ ಅನ್ನುತ್ತಾರೆ. ಈ ಅವಳಿಗಳು ಮುಗಿಯದೆ ಬರುತ್ತಲೇ ಇರುತ್ತವೆಯೋ ಅಥವಾ ಎಲ್ಲೋ ನಿಂತುಬಿಡುತ್ತವೆಯೋ, ಇವತ್ತಿಗೂ ಗೊತ್ತಿಲ್ಲ. ಸಂಖ್ಯೆ ದೊಡ್ಡದಾದಂತೆ ಅವಿಭಾಜ್ಯಗಳು ವಿರಳವಾಗುತ್ತವೆ. ನೂರು ಅಂಕೆಯ ಸಂಖ್ಯೆಗಳ ಹತ್ತಿರ ಸರಾಸರಿ ಅಂತರ 230ರ ಆಸುಪಾಸು. ಅಂಕೆ ಹೆಚ್ಚಿದಂತೆ ಈ ಸರಾಸರಿ ಬೆಳೆಯುತ್ತಲೇ ಹೋಗಿ 7 ಕೋಟಿಯನ್ನೂ ದಾಟುತ್ತದೆ, ಅದಕ್ಕೆ ಕೊನೆಯಿಲ್ಲ.

ಈಗ ಯಿಟಾಂಗ್ ಜಾಂಗ್ 2013ರಲ್ಲಿ ಹೇಳಿದ್ದನ್ನು ಕೇಳಿ. ಎಷ್ಟೇ ದೂರ ಹೋಗಿ, ಸರಾಸರಿ ಎಷ್ಟೇ ಆಗಿರಲಿ, 7 ಕೋಟಿಗಿಂತ ಹತ್ತಿರ ಇರುವ ಜೋಡಿಗಳು ಮತ್ತೆ ಮತ್ತೆ ಸಿಗುತ್ತಲೇ ಇರುತ್ತವೆ, ಅನಂತವಾಗಿ. ಆವರೆಗೆ 7 ಕೋಟಿ ಬಿಡಿ, ಯಾವ ಮಿತಿಯನ್ನೂ ಯಾರೂ ಸಾಧಿಸಿರಲಿಲ್ಲ. ಕಳೆದುಹೋದ ದನ ಯಾವ ತಾಲ್ಲೂಕಿನಲ್ಲಿದೆ ಅಂತ ಗೊತ್ತಾದರೂ ಸಾಕು, ಆಮೇಲೆ ಹುಡುಕಬಹುದು ಅನ್ನೋ ಹಾಗೆ. ಹುಡುಕಿದರು ಕೂಡ. ಅದೇ ವರ್ಷ ಜೇಮ್ಸ್ ಮೇನಾರ್ಡ್ ಬೇರೆಯದೇ ದಾರಿಯಲ್ಲಿ 600ಕ್ಕೆ ಇಳಿಸಿದ. ಹಲವರು ಒಟ್ಟಾಗಿ ಕೂತು 2014ರಲ್ಲಿ 246ಕ್ಕೆ ತಂದರು. ಬೇಕಾದದ್ದು 2. ಅಲ್ಲಿಂದ ಇಳಿದಿಲ್ಲ.

ಜಾಂಗ್ ಕತೆ ನಮ್ಮ ಕಡೆಯವರಿಗೆ ಹಿಡಿಸುತ್ತದೆ. ಪಿಎಚ್‌.ಡಿ. ಆದ ಮೇಲೆ ಸರಿಯಾದ ಕೆಲಸ ಸಿಗದೆ ಸ್ಯಾಂಡ್‌ವಿಚ್ ಅಂಗಡಿಯಲ್ಲೂ ದುಡಿದವರು. ಐವತ್ತೇಳು ದಾಟಿತ್ತು, ಹೆಸರಿಲ್ಲದ ಪಾಠದ ಮೇಷ್ಟ್ರು. ಸ್ನೇಹಿತನ ಮನೆಗೆ ಹೋಗಿದ್ದಾಗ ಹಿತ್ತಿಲಿಗೆ ಜಿಂಕೆ ಬರುತ್ತವೆ ಅಂತ ಕಾದು ನಿಂತಿದ್ದಾಗ ಲೆಕ್ಕದ ಗಂಟು ಬಿಚ್ಚಿಕೊಂಡಿತಂತೆ. ಜಿಂಕೆ ಬರಲಿಲ್ಲ. ನಮ್ಮ ಹಿತ್ತಿಲಿಗೆ ಕಾಡುಹಂದಿಯೇ ಬರುತ್ತವೆ, ಆದರೂ ನನಗೇನೂ ಹೊಳೆದಿಲ್ಲ.

ಪ್ರಶ್ನೆ: ಗೋಲ್ಡ್‌ಬ್ಯಾಕ್ ಊಹೆಯನ್ನು ನಾನು ಸಾಧಿಸಿದ್ದೇನೆ. 14 ಪುಟ ಲಗತ್ತಿಸಿದ್ದೇನೆ. ಉಪನ್ಯಾಸ ಕೊಟ್ಟವರಿಗೆ ತೋರಿಸಿದರೆ ನಕ್ಕು ಜೇಬಿಗಿಟ್ಟುಕೊಂಡರು. ಹಳ್ಳಿ ಮೇಷ್ಟ್ರು ಅಂತ ತಾತ್ಸಾರವೇ?
(ನಿವೃತ್ತ ಶಿಕ್ಷಕರು, ಸೊರಬ)

ಉತ್ತರ: ನಕ್ಕದ್ದು ತಪ್ಪು. ನಾನು 14 ಪುಟವನ್ನೂ ಓದಿದೆ, ಮಳೆಗಾಲ ತಾನೆ, ಬೇರೆ ಕೆಲಸವೂ ಇರಲಿಲ್ಲ. ಓದುಗರಿಗೆ ಹೇಳುವುದಾದರೆ, 2ಕ್ಕಿಂತ ದೊಡ್ಡ ಸಮಸಂಖ್ಯೆ ಯಾವುದೇ ಇರಲಿ ಅದು ಎರಡು ಅವಿಭಾಜ್ಯಗಳ ಮೊತ್ತ ಅನ್ನುವುದು 1742ರ ಊಹೆ. 20 ಅಂದರೆ 7 ಮತ್ತು 13. 4ರ ಮುಂದೆ 18 ಸೊನ್ನೆ ಬರೆದರೆ ಬರುವ ಸಂಖ್ಯೆಯವರೆಗೂ ಕಂಪ್ಯೂಟರಿನಲ್ಲಿ ಪರೀಕ್ಷಿಸಿದ್ದಾರೆ, ತಪ್ಪಿಲ್ಲ. ಆದರೂ ಸಾಧನೆ ಇಲ್ಲ.

ನಿಮ್ಮದು ಆರನೇ ಪುಟದವರೆಗೆ ಚೆನ್ನಾಗಿದೆ ಸಾರ್. ಅಲ್ಲಿ ‘ಹೀಗೆಯೇ ಮುಂದುವರಿಯುತ್ತದೆ’ ಅಂತ ಬರೆದಿದ್ದೀರಿ. ಯಾಕೆ ಮುಂದುವರಿಯಬೇಕು? ಇಡೀ ಊಹೆ ಆ ಒಂದು ಸಾಲಿನೊಳಗೆ ಅಡಗಿ ಕೂತಿದೆ. ಮಕ್ಕಳ ಉತ್ತರಪತ್ರಿಕೆಯಲ್ಲಿ ಈ ಸಾಲು ಕಂಡರೆ ನೀವೂ ನಾನೂ ಕೆಂಪು ಶಾಯಿ ತೆಗೆಯುತ್ತಿದ್ದೆವು, ಅಲ್ವಾ?

ಹಳ್ಳಿ ಮೇಷ್ಟ್ರು ಅನ್ನುವ ಕಾರಣಕ್ಕೆ ಬಾಗಿಲು ಮುಚ್ಚಿಲ್ಲ. ಇಂಗ್ಲೆಂಡಿನ ಡೇವಿಡ್ ಸ್ಮಿತ್ ಅನ್ನುವವರು ಪ್ರಿಂಟಿಂಗ್ ಕೆಲಸದಿಂದ ನಿವೃತ್ತರಾದವರು. ಆಕೃತಿ ಕತ್ತರಿಸಿ ಜೋಡಿಸುವುದು ಅವರ ಗೀಳು. 2022ರಲ್ಲಿ ಹದಿಮೂರು ಬದಿಯ, ಟೋಪಿಯಂತೆ ಕಾಣುವ ಒಂದು ಹೆಂಚು ಸಿಕ್ಕಿತು. ಆ ಒಂದೇ ಆಕೃತಿಯಿಂದ ಎಷ್ಟು ದೊಡ್ಡ ನೆಲವನ್ನಾದರೂ ಸಂದಿಲ್ಲದೆ ಮುಚ್ಚಬಹುದು, ಆದರೆ ವಿನ್ಯಾಸ ಮಾತ್ರ ಎಂದಿಗೂ ಒಂದೇ ಅಂತರದಲ್ಲಿ ಮರುಕಳಿಸುವುದಿಲ್ಲ. ಅಂಥದ್ದಕ್ಕೆ 1966ರಲ್ಲಿ 20,426 ಬಗೆಯ ಹೆಂಚು ಬೇಕಾಗಿತ್ತು, ಆಮೇಲೆ ಗಣಿತಜ್ಞ ಪೆನ್ರೋಸ್ ಕಾಲಕ್ಕೆ ಎರಡು, ಸ್ಮಿತ್‌ಗೆ ಒಂದು. ಸ್ಮಿತ್ ಮಾಡಿದ ಜಾಣತನ ಏನು ಗೊತ್ತಾ? ಸಾಧಿಸಿಬಿಟ್ಟೆ ಅನ್ನಲಿಲ್ಲ. ಹೀಗೊಂದು ಸಿಕ್ಕಿದೆ, ನೋಡಿ ಅಂತ ಬಲ್ಲವರಿಗೆ ಬರೆದರು. ಮೂವರು ತಜ್ಞರು ಜತೆಯಾಗಿ 2023ರಲ್ಲಿ ಸಾಧನೆ ಪ್ರಕಟಿಸಿದರು, ಲೇಖಕರಲ್ಲಿ ಸ್ಮಿತ್ ಹೆಸರೇ ಮೊದಲು. ನಿಮ್ಮ ಆರು ಪುಟದಲ್ಲಿ ಸಣ್ಣ ಸಂಖ್ಯೆಗಳ ಒಂದು ಚೆಂದದ ಕೋಷ್ಟಕ ಇದೆ, ಅದನ್ನಷ್ಟೇ ಬೇರೆ ಬರೆದು ಕಳಿಸಿ.

ಪ್ರಶ್ನೆ: ಇದರಿಂದ ಏನು ಉಪಯೋಗ?
(ಶಿವಮೊಗ್ಗದಿಂದ ಮೂರು ಪತ್ರ, ಮೂರರಲ್ಲೂ ಇದೇ ಸಾಲು)

ಉತ್ತರ: ದೋಟಿ ಲೆಕ್ಕದಿಂದ ಸದ್ಯಕ್ಕೆ ನಿಮ್ಮ ಮನೆಗೆ ಏನೂ ಬರುವುದಿಲ್ಲ. ಅವಿಭಾಜ್ಯಗಳಿಂದಲೂ ಏನೂ ಬರುವುದಿಲ್ಲ ಅಂತಲೇ ಎಲ್ಲರೂ ಅಂದುಕೊಂಡಿದ್ದರು. 1977ರಲ್ಲಿ ಅವನ್ನೇ ಹಿಡಿದು ಗುಪ್ತಲಿಪಿ ಕಟ್ಟಿದರು, ಈಗ ಅಂತರ್ಜಾಲದಲ್ಲಿ ನಿಮ್ಮ ಪಾಸ್‌ವರ್ಡು ಕಾಯುವ ಬೀಗಗಳಲ್ಲಿ ಅದೂ ಒಂದು. ಇಷ್ಟು ಹೇಳಿಯೂ, ಈ ಉತ್ತರ ನನಗೇ ಇಷ್ಟ ಇಲ್ಲ. ಯಕ್ಷಗಾನ ನೋಡಿ ಬಂದವರನ್ನು ಉಪಯೋಗ ಏನು ಅಂತ ಯಾರೂ ಕೇಳುವುದಿಲ್ಲ.

ಪ್ರಶ್ನೆ: ಮೇಷ್ಟ್ರೇ, ನಾನು ಏಳನೇ ಕ್ಲಾಸು. ನಮ್ಮಂಥವರನ್ನೂ ಉಪನ್ಯಾಸಕ್ಕೆ ಒಳಗೆ ಬಿಡ್ತಾರಾ? ಇಲ್ಲಿ ಮಳೆ ರಜೆ ಕೊಟ್ಟಿದ್ದಾರೆ, ಬೇಜಾರು.
(ಆಗುಂಬೆ)

ಉತ್ತರ: ಬಿಡ್ತಾರೆ ಮರಿ, ದೊಡ್ಡವರ ಜತೆ ಬಾ. ಅಲ್ಲಿವರೆಗೆ ರಜೆಗೆ ಒಂದು ಲೆಕ್ಕ. ಯಾವುದಾದರೂ ಸಂಖ್ಯೆ ತಗೊ. ಸಮ ಆದರೆ ಅರ್ಧ ಮಾಡು. ಬೆಸ ಆದರೆ ಮೂರರಿಂದ ಗುಣಿಸಿ ಒಂದು ಕೂಡು. ಬಂದ ಉತ್ತರಕ್ಕೆ ಮತ್ತೆ ಅದನ್ನೇ ಮಾಡು. 26ರಿಂದ ಶುರು ಮಾಡಿದರೆ 13, 40, 20, 10, 5, 16, 8, 4, 2, 1. ಹತ್ತೇ ಹೆಜ್ಜೆಗೆ ಒಂದಕ್ಕೆ ಬಂತು. ಯಾವ ಸಂಖ್ಯೆಯಿಂದ ಹೊರಟರೂ ಕೊನೆಗೆ ಒಂದಕ್ಕೇ ಬರುತ್ತಾ? ಬರುತ್ತದೆ ಅಂತ ಎಲ್ಲರಿಗೂ ಅನಿಸುತ್ತದೆ, ಸಾಧಿಸಿದವರಿಲ್ಲ. ಟೆರೆನ್ಸ್ ಟಾವ್ ಅನ್ನುವ ದೊಡ್ಡ ಗಣಿತಜ್ಞರು 2019ರಲ್ಲಿ, ಹೆಚ್ಚುಕಮ್ಮಿ ಎಲ್ಲ ಸಂಖ್ಯೆಗಳೂ ತುಂಬಾ ಕೆಳಗೆ ಇಳಿದೇ ಇಳಿಯುತ್ತವೆ ಅನ್ನುವವರೆಗೆ ತಂದಿದ್ದಾರೆ. ‘ಹೆಚ್ಚುಕಮ್ಮಿ’ ಅನ್ನೋದೇ ತೊಂದರೆ.

ನೀನು 27ರಿಂದ ಶುರು ಮಾಡು. 26ರ ಪಕ್ಕದ ಮನೆ ತಾನೆ ಅಂತ ಸಣ್ಣ ಹಾಳೆ ತಗೋಬೇಡ, ನೋಟ್‌ಬುಕ್ಕೇ ಬೇಕು. ಒಟ್ಟು 111 ಹೆಜ್ಜೆ. ದಾರಿಯಲ್ಲಿ ಒಮ್ಮೆ 9,232ಕ್ಕೆ ಏರಬೇಕು. ಅದು ಬರದಿದ್ದರೆ ಎಲ್ಲೋ ಒಂದು ಕೂಡುವುದು ಬಿಟ್ಟಿದ್ದೀಯ, ಮತ್ತೆ ಮೇಲಿಂದ ನೋಡು.